ಹಸಿರು ಬಳೆ, ದೊಡ್ಡ ಡ್ರಮ್ಮು

ಪರದೇಶದ ಎನ್ಸ್‌ಕೆಡೆ ಎಂಬ ಊರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ನಾನು ವಿಶ್ವವಿದ್ಯಾಲಯದ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಿದ್ದೆ. ಇದನ್ನು ಹೇಳಿದರೆ ನನ್ನ ಮಗಳು ಈಗಲೂ ನಂಬುವುದಿಲ್ಲ. ನಮ್ಮ ಬ್ಯಾಂಡಿನ ಸಿಡಿ ಮನೆಯಲ್ಲಿದೆ, ಹಾಕಿ ತೋರಿಸೋಣವೆಂದರೆ ಅದನ್ನು ನುಡಿಸುವ ಯಂತ್ರವೇ ಮನೆಯಲ್ಲಿಲ್ಲ.

ನನ್ನ ಸಂಗೀತ ಶಿಕ್ಷಣ ಬಹಳ ಸಣ್ಣದು. ಗದಗಿನ ಹೈಸ್ಕೂಲಿನಲ್ಲಿ ಆಗಸ್ಟ್ ಹದಿನೈದರ ಪರೇಡಿಗೆ ಡ್ರಮ್ಮು ಹೊರುವ ಹುಡುಗಿ ಬೇಕಾಗಿದ್ದಳು. ಎಲ್ಲರಿಗಿಂತ ಎತ್ತರ ಇದ್ದೆನೆಂದು ಪಿ.ಟಿ. ಮಾಸ್ತರರು ಅದನ್ನು ನನ್ನ ಕೊರಳಿಗೆ ಹಾಕಿದರು, ಅಷ್ಟೇ. ಎನ್ಸ್‌ಕೆಡೆಗೆ ಬಂದ ಮೊದಲ ಚಳಿಗಾಲ ಯಾರೂ ಗೊತ್ತಿರಲಿಲ್ಲ. ಗಂಡ ಟಿಲ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದು ಶನಿವಾರ, ಭಾನುವಾರ ಮಾತ್ರ ಬರುತ್ತಿದ್ದ. ಕ್ಯಾಂಟೀನಿನ ಗೋಡೆಯ ಮೇಲೆ ಬ್ಯಾಂಡಿಗೆ ಜನ ಬೇಕೆಂಬ ಚೀಟಿ ಕಂಡು ಒಂದು ಮಂಗಳವಾರ ಸಂಜೆ ಹೋದೆ.

ಬ್ಯಾಂಡನ್ನು ನಡೆಸುತ್ತಿದ್ದವರು ಅರವತ್ತು ದಾಟಿದ ಒಬ್ಬ ಮೇಷ್ಟ್ರಮ್ಮ. "ನಿನಗೆ ಎಣಿಸೋಕೆ ಬರುತ್ತಾ?" ಎಂದು ಕೇಳಿದರು.

"ಗಣಿತದಲ್ಲೇ ರಿಸರ್ಚ್ ಮಾಡ್ತಿದೀನಿ."

"ಹಾಗಾದ್ರೆ ಬರಲ್ಲ ಅಂತಾಯ್ತು. ಪರವಾಗಿಲ್ಲ, ಕಲಿಸ್ತೀನಿ," ಎಂದು ನಕ್ಕರು.

ಮೂರನೆಯ ವರ್ಷ ನಾವು ಈ ಕಾಲದ ಸಂಗೀತಗಾರರು ಬರೆದ ಹೊಸ ಕೃತಿಗಳನ್ನು ರೆಕಾರ್ಡ್ ಮಾಡುವುದೆಂದಾಯಿತು. ಅದರಲ್ಲೊಂದು ವಿಚಿತ್ರವಾಗಿತ್ತು. ಕ್ಲಾರಿನೆಟ್ಟು, ಟ್ರಂಪೆಟ್ಟು, ಟ್ಯೂಬಾದವರೆಲ್ಲ ಸ್ವರ ಹೊರಡಿಸದೆ ಬರೀ ಉಸಿರು ಊದಬೇಕು. ನಾನು ಐವತ್ತೆಂಟು ಬಾರ್, ಅಂದರೆ ತಾಳದ ಐವತ್ತೆಂಟು ಆವರ್ತ, ಸುಮ್ಮನೆ ಎಣಿಸುತ್ತ ನಿಂತು, ಆಮೇಲೆ ಒಂದೇ ಒಂದು ಪೆಟ್ಟನ್ನು, ಕೇಳಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಹೊಡೆಯಬೇಕು. ಆ ಪೆಟ್ಟಿನ ಮೇಲೆಯೇ ಮೊದಲ ಸ್ವರ ಹುಟ್ಟಬೇಕು.

ಆಗ ನನಗೆ ಏಳು ತಿಂಗಳು ತುಂಬಿತ್ತು. ಅವ್ವ ಗದಗಿನಿಂದ ಬಂದಿದ್ದಳು. ರೆಕಾರ್ಡಿಂಗಿನ ಹಿಂದಿನ ದಿನ ನಮ್ಮ ಸಣ್ಣ ಮನೆಯಲ್ಲೇ ನಾಲ್ಕು ಮಂದಿ ಕನ್ನಡದ ಹೆಣ್ಣುಮಕ್ಕಳನ್ನು ಕರೆದು ಕುಬಸ, ಅಂದರೆ ಸೀಮಂತ ಮಾಡಿ, ಎರಡೂ ಕೈತುಂಬ ಹಸಿರು ಗಾಜಿನ ಬಳೆ ಇಟ್ಟಳು. ಮರುದಿನ ನನ್ನ ಜೊತೆ ತಾನೂ ಬಂದು, ಊರಾಚೆಯ ಹಳೆಯ ಚರ್ಚಿನ ಕೊನೆಯ ಬೆಂಚಿನ ಮೇಲೆ ಕೂತಳು.

ಮೊದಲ ಸಲ ಪೆಟ್ಟು ಸರಿಯಾಗಿಯೇ ಬಿತ್ತು. ಆದರೆ ಒಳಕೋಣೆಯಿಂದ ರೆಕಾರ್ಡ್ ಮಾಡುವವನು ಹೊರಗೆ ಬಂದ. "ಎಲ್ಲೋ ಗಾಜಿನ ಸದ್ದು ಬರ್ತಿದೆ." ಎರಡನೆಯ ಸಲವೂ ಅದೇ. ಮೂರನೆಯ ಸಲಕ್ಕೆ ನಲವತ್ತು ಜನ ತಿರುಗಿ ನನ್ನ ಕೈ ನೋಡಿದರು. ಮೇಷ್ಟ್ರಮ್ಮ ಮೆಲ್ಲಗೆ, ಬಳೆ ತೆಗೆಯಬಹುದೇ, ಇಲ್ಲದಿದ್ದರೆ ಪಕ್ಕದಲ್ಲಿ ಗಂಟೆ ಬಾರಿಸುವವಳು ಈ ಪೆಟ್ಟು ಹೊಡೆಯಲಿ ಎಂದರು. ಆ ಒಂದು ಪೆಟ್ಟಿಗಾಗಿ ನಾಲ್ಕು ತಿಂಗಳು ಕಾದಿದ್ದೆ.

ಅಷ್ಟರಲ್ಲಿ ಅವ್ವ ಎದ್ದು ಮುಂದೆ ಬಂದಳು. "ಏನಂತಾಳ ಆಕಿ?"

"ಬಳಿ ತಗೀಬೇಕಂತ, ಅವ್ವ."

"ನಿನ್ನೆ ಇಟ್ಟ ಬಳಿ ಇವತ್ತ ತಗಿಯೋದಾ? ಹೆರಿಗಿ ಆಗೋತನಕ ಕೈಯಾಗ ಇರಬೇಕವು."

"ಸದ್ದಾಗಾಕತ್ತೈತಿ."

"ಡ್ರಮ್ಮ ಬಾರಸೂದು ಸದ್ದಿಗೇ ಅಲ್ಲೇನ?"

ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವ್ವ ತನ್ನ ಕೊರಳಿನ ಮಫ್ಲರ್ ಬಿಚ್ಚಿ, ನನ್ನ ಬಲಗೈಗೆ ಮಣಿಕಟ್ಟಿನಿಂದ ಮೊಳಕೈವರೆಗೆ ಬಿಗಿಯಾಗಿ ಸುತ್ತತೊಡಗಿದಳು. ಟ್ಯೂಬಾ ಊದುವ ಮುದುಕರೊಬ್ಬರಿದ್ದರು, ಮೊದಲು ಹಸು ಸಾಕಿಕೊಂಡಿದ್ದವರು. ಅವರು ಟ್ಯೂಬಾ ಕೆಳಗಿಟ್ಟು ಬಂದು, ಕುರ್ಚಿಗೆ ಹಾಕಿದ್ದ ತಮ್ಮ ಮಫ್ಲರನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಕೂಸಿಗೆ ಕುಂಚಿಗೆ ಕಟ್ಟುವವಳ ಹಾಗೆ ಎಡಗೈಗೂ ಅದನ್ನು ಸುತ್ತಿ ಗಂಟು ಹಾಕಿ, ನನ್ನ ಕೈ ಹಿಡಿದು ಅಲ್ಲಾಡಿಸಿ ಕಿವಿಗೊಟ್ಟು ನೋಡಿದಳು. ಏನೂ ಕೇಳಲಿಲ್ಲ. ವಾಪಸು ಹೋಗಿ ಕೂತಳು.

ಮತ್ತೆ ಎಣಿಸಲು ಶುರು ಮಾಡಿದೆ. ನಲವತ್ತರ ಸುಮಾರಿಗೆ ಹೊಟ್ಟೆಯೊಳಗೆ ಕೂಸು ಒದೆಯಿತು. ಲೆಕ್ಕ ತಪ್ಪಿತೆಂದೇ ಅಂದುಕೊಂಡೆ. ತಪ್ಪಲಿಲ್ಲ. ಕೆಮ್ಮು ಬಂದೀತೆಂದು ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಪೆಟ್ಟು ಹೊಡೆದೆ. ಅದರ ಮೇಲೆ ಕ್ಲಾರಿನೆಟ್ಟಿನ ಮೊದಲ ಸ್ವರ ಎದ್ದಿತು. ಎಲ್ಲ ಮುಗಿದು ಮೇಷ್ಟ್ರಮ್ಮ ಕೈ ಇಳಿಸುವವರೆಗೆ ಯಾರೂ ಅಲುಗಲಿಲ್ಲ. "ಇದೇ ಇರಲಿ," ಎಂದು ಒಳಗಿನಿಂದ ದನಿ ಬಂತು.

ಬಸ್ಸಿನಲ್ಲಿ ಅವ್ವ ಕೇಳಿದಳು, "ಇಷ್ಟಕ್ಕ ಇಡೀ ದಿನಾ ಬೇಕಾತೇನ?" ಎರಡು ಸ್ಟಾಪು ದಾಟಿದ ಮೇಲೆ, "ಆದ್ರೂ ಛಲೋ ಹೊಡದಿ," ಎಂದಳು.

ಮಗಳು ಹುಟ್ಟಿ ಮೂರು ವಾರಕ್ಕೆ ಅವ್ವನ ವೀಸಾ ಮುಗಿಯಿತು. ಅವಳು ಊರಿಗೆ ಹೋದ ಮೇಲೆ ಒಂದು ಮಂಗಳವಾರ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಬ್ಯಾಂಡಿನವರನ್ನು ನೋಡಲು ಹೋದೆ. ಮಗು ಹುಟ್ಟಿದರೆ ಇಲ್ಲಿನವರು ಬಣ್ಣದ ಸೋಂಪು ಉದುರಿಸಿದ ರಸ್ಕು ಹಂಚುತ್ತಾರೆ. ನಾನು ಬಾಣಂತಿಗೆಂದು ಅವ್ವ ಕಟ್ಟಿಟ್ಟು ಹೋಗಿದ್ದ ಅಂಟಿನುಂಡಿ ಒಯ್ದೆ. ಟ್ಯೂಬಾದ ಮುದುಕರು ಎರಡು ತಿಂದು, ಮೂರನೆಯದನ್ನು ಹೆಂಡತಿಗೆಂದು ಜೇಬಿಗೆ ಹಾಕಿಕೊಂಡರು. ಮೇಷ್ಟ್ರಮ್ಮ ಕೂಸನ್ನು ಎತ್ತಿಕೊಂಡು, ಆಗಷ್ಟೇ ಬಂದಿದ್ದ ಸಿಡಿಯೊಂದನ್ನು ಗಾಡಿಯಲ್ಲಿಟ್ಟರು.

"ಯಾವಾಗಿಂದ ಬರ್ತೀಯ?"

"ಮುಂದಿನ ತಿಂಗಳು," ಎಂದೆ. ನಿಜವಾಗಿಯೂ ಹೋಗಬೇಕೆಂದೇ ಇದ್ದೆ. ಆಮೇಲೆ ಥೀಸಿಸ್ ಬಂತು, ಕೂಸಿನ ಜ್ವರ ಬಂತು, ಮರುವರ್ಷ ಗಂಡನಿಗೆ ಬೇರೆ ಕೆಲಸ ಸಿಕ್ಕಿ ದೇಶದ ಇನ್ನೊಂದು ತುದಿಯ ಬಾಡ್‌ಹೂವೆಡಾರ್ಪ್‌ಗೆ ಬಂದುಬಿಟ್ಟೆವು.