ಅಜ್ಜಿಯ ಮಣ್ಣಿಗೆ ಬಂದ ಬೆಲ್ಲದ ಬ್ಯಾಂಡ್

ಮುಧೋಳದ ಬೆಲ್ಲದ ಬ್ಯಾಂಡಿನ ಹಿರಿಯ ಮಾಸ್ತರರು ಇವತ್ತು ಸಂಜೆ ತೀರಿಕೊಂಡರು. ತಮ್ಮ ಫೋನ್ ಮಾಡಿ ತಿಳಿಸಿದ.

ನಾನು ಚಿಕ್ಕವಳಿದ್ದಾಗ ಅಲ್ಲಿ ಬೆಲ್ಲದ ಭಜನಾ ಮೇಳವೂ ಇತ್ತು. ಎರಡನ್ನೂ ಕಟ್ಟಿದವರು ಗಾಣದಲ್ಲಿ ಬೆಲ್ಲ ಕಾಸುವವರೇ, ಹಾಗಾಗಿ ಎರಡಕ್ಕೂ 'ಬೆಲ್ಲದವರು' ಎಂದೇ ಹೆಸರು. ಅಜ್ಜಿ ತೀರಿದ ಬೆಳಿಗ್ಗೆ, ಭಜನೆಗೆಂದು ಕಾಕಾ ನಮ್ಮೂರಿನಿಂದ ಮುಧೋಳಕ್ಕೆ ಹೊರಟ ಬಸ್ಸಿನ ಕಂಡಕ್ಟರನಿಗೆ, "ಬೆಲ್ಲದವರನ್ನ ನಮ್ಮನಿಗೆ ಕಳಸ್ರಿ" ಎಂದಿದ್ದ. ಸಾವಿನ ಸುದ್ದಿ ಹೇಳುವುದನ್ನೇ ಗಡಿಬಿಡಿಯಲ್ಲಿ ಮರೆತಿದ್ದ. ಮಧ್ಯಾಹ್ನದ ಬಸ್ಸಿನಿಂದ ಕೆಂಪು ಕೋಟಿನ ಬ್ಯಾಂಡಿನವರು ಇಳಿದರು.

"ಹೆಣದ ಮುಂದ ಮದುವಿ ಹಾಡು ಊದಾವ್ರೇನ್ಲೇ?" ಎಂದು ಕಾಕಾ ರೇಗಿದ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕಿತ್ತು. ಭಜನೆಯವರನ್ನು ಕರೆಸಲು ಸಮಯವಿರಲಿಲ್ಲ. ಹಾಡಿಲ್ಲದೆ ಅಜ್ಜಿಯನ್ನು ಎತ್ತಲು ಅಜ್ಜ ಬಿಡಲಿಲ್ಲ.

ಮಾಸ್ತರರು ಟೊಪ್ಪಿಗೆ ತೆಗೆದರು. "ತಪ್ಪಾತ್ರಿ ಯಜಮಾನ್ರ. ನಮಗ ಮದುವಿ ಹಾಡಷ್ಟ ಬರತಾವು."

ಅಜ್ಜ ಅಜ್ಜಿಯ ಮುಖ ನೋಡಿದ. "ಅವನ್ನ ಊದ್ರಿ. ನಮ್ಮ ಲಗ್ನದಾಗ ಬ್ಯಾಂಡ್ ಬೇಕಂತ ಅತ್ತಿದ್ಲು. ನಮ್ಮಪ್ಪ ಬ್ಯಾಡಂದ."

ಕೋಟು ಕಳಚಲು ಹೋದವರನ್ನು ಅಜ್ಜ ತಡೆದ. "ಅದೂ ಇರ್ಲಿ."

ಅವರು ನಿಧಾನವಾಗಿ ನುಡಿಸುತ್ತ ಮುಂದೆ ನಡೆದರು. ಕಾಕಾ ತಲೆ ತಗ್ಗಿಸಿ ಹೆಗಲು ಕೊಟ್ಟ.

ಮಾಸ್ತರರ ಮಣ್ಣು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ.