ಅಜ್ಜಪ್ಪನ ಕಲ್ಲಿಗೆ ಬಂದ ಗ್ರಾಂಟು

ಆಫೀಸಿನವರು ಬಂದರೆ ಇದ್ದದ್ದನ್ನು ಇಲ್ಲ ಅನ್ನಬೇಕು. ಆಂಧ್ರದ ಗಡಿಯ ರಾಯದುರ್ಗದ ಪಕ್ಕದ ಕುರಿಗಾರರ ಹಟ್ಟಿಗೆ ಸೊಸೆಯಾಗಿ ಬಂದ ಮೈಲಾರಮ್ಮ ಅತ್ತೆಯಿಂದ ಕಲಿತ ಮೊದಲ ಪಾಠವೇ ಇದು. ರೇಷನ್ ಕಾರ್ಡಿನ ಸರ್ವೆ ಬಂದಾಗ ಟೀವಿಗೆ ಕೌದಿ ಹೊದಿಸಿದಳು. ಪಿಂಚಣಿಯವರು ಬಂದಾಗ ಮಂದೆಯನ್ನು ಗುಡ್ಡದಾಚೆಗೆ ಅಟ್ಟಿಸಿದಳು. ಇದನ್ನು ಮೋಸ ಅನ್ನುವವರು ಒಂದು ದಿನ ಆ ಕಚೇರಿಗಳ ಮುಂದೆ ಸಾಲಿನಲ್ಲಿ ನಿಂತು ನೋಡಲಿ. ಹೊಟ್ಟೆ ಬೆನ್ನಿಗೆ ಹತ್ತಿದವರನ್ನಷ್ಟೇ ಒಳಗೆ ಕರೆಯುವ ಮಂದಿಯೇ ಬಡವರಿಗೆ ಈ ವಿದ್ಯೆ ಕಲಿಸಿದ್ದು. ಮೈಲಾರಮ್ಮ ಅದರಲ್ಲಿ ಎತ್ತಿದ ಕೈ.

ಹಟ್ಟಿಗೆ ತಿರುಗುವಲ್ಲಿ, ಡಾಂಬರು ರಸ್ತೆಯ ಅಂಚಿಗೆ, ಎದೆಮಟ್ಟದ ಒಂದು ವೀರಗಲ್ಲಿತ್ತು. ಕೋಲು ಹಿಡಿದ ಮನುಷ್ಯ, ಪಕ್ಕದಲ್ಲಿ ನಾಯಿ, ಕಾಲ ಬಳಿ ಕುರಿಗಳು. ಮಂದೆ ಹೊಡೆದೊಯ್ಯಲು ಬಂದ ಕಳ್ಳರೊಡನೆ ಬಡಿದಾಡಿ ಅಲ್ಲೇ ಬಿದ್ದು ಸತ್ತವನಂತೆ. ಅವಳ ಗಂಡ ನರಸಪ್ಪನ ವಂಶದ ಹಿರಿಯ. ಹೆಸರು ಯಾರಿಗೂ ತಿಳಿಯದು, ಎಲ್ಲರ ಬಾಯಲ್ಲೂ ಅಜ್ಜಪ್ಪ. ಉಣ್ಣೆ ಕತ್ತರಿಸುವ ದಿನ ಮೊದಲ ಹಿಡಿ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ ಅಜ್ಜಪ್ಪನ ತಲೆಗಿಡಬೇಕು. ಅದಾಗುವ ತನಕ ಎರಡನೇ ಕುರಿಗೆ ಕತ್ತರಿ ತಾಗಿಸುವಂತಿಲ್ಲ. ಅತ್ತೆ ಸತ್ತ ಮೇಲೆ ಆ ಕೆಲಸ ಮೈಲಾರಮ್ಮನದಾಯಿತು. ಉಣ್ಣೆಯಿಟ್ಟು ಹಾಗೇ ಎದ್ದು ಬರುವವಳೂ ಅಲ್ಲ. ಮಗನ ಮದುವೆ, ಕುರಿಗಳ ಕಾಲುಬೇನೆ, ಗಂಡನ ಸಿಡುಕು, ಎಲ್ಲವನ್ನೂ ಅವನಿಗೊಪ್ಪಿಸಿ ಬರುತ್ತಿದ್ದಳು.

ಒಮ್ಮೆ ಜೀನ್ಸ್ ಬಟ್ಟೆ ಹೇರಿದ ಲಾರಿಯೊಂದು ಹಿಂದಕ್ಕೆ ಬರುತ್ತ ಕಲ್ಲಿನ ಮೂಲೆ ಮುರಿಯಿತು. ಮುಂದಿನ ಸಲ ಅಜ್ಜಪ್ಪನೇ ಉಳಿಯಲಾರ ಎಂಬ ದಿಗಿಲು ಮೈಲಾರಮ್ಮನಿಗೆ ಹತ್ತಿಕೊಂಡಿತು. ಸುತ್ತ ಒಂದು ಗೋಡೆ, ಮೇಲೊಂದು ಸೂರು, ಅವಳಿಗೆ ಬೇಕಾದದ್ದು ಅಷ್ಟೇ. ಊರೂರಿನ ಹಳೆಯ ಗುರುತುಗಳನ್ನು ಉಳಿಸಲು ಗ್ರಾಂಟು ಕೊಡುವ ಸಂಸ್ಥೆಯೊಂದಿದೆ ಎಂದು ಸೊಸೆ ಆಶಾರಾಣಿ ಫೋನಿನಲ್ಲಿ ನೋಡಿ ಅರ್ಜಿ ಹಾಕಿದಳು. ಕಲ್ಲು ನೋಡಲು ಬರುತ್ತೇವೆ ಎಂದು ಅವರಿಂದ ಉತ್ತರ ಬಂತು.

ಅವರು ಬರುವ ಹಿಂದಿನ ದಿನ ಮೈಲಾರಮ್ಮ ತನಗೆ ಗೊತ್ತಿದ್ದದ್ದನ್ನೇ ಮಾಡಿದಳು. ಎಣ್ಣೆಯ ಜಿಡ್ಡನ್ನು ಸೀಗೇಪುಡಿ ಹಾಕಿ ತಿಕ್ಕಿದಳು. ಅರಿಶಿನ ಕುಂಕುಮ ತೊಳೆದಳು, ಉಣ್ಣೆ ಕಿತ್ತಳು, ಹಣತೆಯನ್ನು ಮನೆಯೊಳಗೆ ಬಚ್ಚಿಟ್ಟಳು. ಸಾಲದು ಅಂತ ಬುಡಕ್ಕೆ ಒಂದಿಷ್ಟು ಜಾಲಿಮುಳ್ಳನ್ನೂ ಎಳೆದು ಹಾಕಿದಳು. ಯಾಕಮ್ಮ ಹೀಗೆ ಎಂದ ಸೊಸೆಗೆ, "ಪೂಜಿ ನಡೀತೈತಿ ಅಂದ್ರ, ಹಂಗಾರ ನೀವ ಕಟ್ಟಿಸ್ಕೊಳ್ರಿ ಅಂತಾರ. ನಿನಗ ತಿಳಿಯಂಗಿಲ್ಲ, ಸುಮ್ಕಿರು" ಅಂದಳು. ನರಸಪ್ಪ ದೂರ ನಿಂತು ನೋಡಿದ. ಆಮೇಲೆ ಮಂದೆಯ ಕಡೆ ನಡೆದ.

ಬಂದಾಕೆ ಲಲಿತಾ ಮೇಡಂ, ಒಳ್ಳೆಯ ಹೆಣ್ಣುಮಗಳು. ಬಿಸಿಲಲ್ಲಿ ಮಂಡಿಯೂರಿ ಕೂತು ಕಲ್ಲನ್ನು ಸವರಿ ನೋಡಿದಳು. ಇದಕ್ಕೆ ಪೂಜೆ ಮಾಡಿ ನಡೆದುಕೊಳ್ಳುವವರು ಯಾರಾದರೂ ಇದ್ದಾರಾ ಎಂದು ಫೋನ್ ಹಿಡಿದು ಕೇಳಿದಳು.

"ಯಾರೂ ಇಲ್ರಿ," ಅಂದಳು ಮೈಲಾರಮ್ಮ. "ದಿಕ್ಕಿಲ್ಲದ ಕಲ್ಲು ನೋಡ್ರಿ ಇದು."

ಅಜ್ಜಪ್ಪನ ಸೂರಿಗಾಗಿ ಅಜ್ಜಪ್ಪನೇ ಇಷ್ಟು ಸಹಿಸಿಕೊಳ್ಳಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗ್ರಾಂಟು ಮಂಜೂರಾಗಿದೆ ಎಂದು ತಿಳಿದ ದಿನ ಹಟ್ಟಿಗೆಲ್ಲ ಬೆಲ್ಲ ಹಂಚಿದಳು.

ಇಟ್ಟಿಗೆ ಸಿಮೆಂಟು ಬರುತ್ತದೆ ಎಂದು ದಾರಿ ಕಾದರೆ ಬಂದದ್ದು ಕ್ರೇನು. ಲಲಿತಾ ಮೇಡಂ ನಿಧಾನವಾಗಿಯೇ ವಿವರಿಸಿದಳು: ಜನ ನಡೆದುಕೊಳ್ಳುವ ಕಲ್ಲಾದರೆ ಇದ್ದಲ್ಲೇ ಗುಡಿಯಂತೆ ಕಟ್ಟಿಸಿಕೊಡುತ್ತಾರೆ, ಯಾರೂ ಇಲ್ಲದ್ದನ್ನು ರಾಯದುರ್ಗದ ಕೋಟೆಗುಡ್ಡದ ಬುಡದಲ್ಲಿ ಮಾಡುತ್ತಿರುವ ಸ್ಮಾರಕವನಕ್ಕೆ ಒಯ್ಯುತ್ತಾರೆ. ಮೈಲಾರಮ್ಮ ಕಲ್ಲನ್ನು ತಬ್ಬಿಕೊಂಡು, ಇದು ನಮ್ಮದು, ನಮ್ಮ ಹಿರಿಯ ಅಂದಳು. ಮನೆಗೆ ಓಡಿ ಹಣತೆ ತಂದು ತೋರಿಸಿದಳು. ಅಷ್ಟರಲ್ಲಿ ಕಲ್ಲಿಗೆ ಪಟ್ಟಿ ಬಿಗಿದಾಗಿತ್ತು. ಕೆಲಸಕ್ಕೆ ಬಂದವರು ನಕ್ಕರು. ಕಲ್ಲು ಒಯ್ಯುವಾಗ ಎಲ್ಲ ಊರಿನವರೂ ಹೀಗೇ ನೆಂಟಸ್ತಿಕೆ ತೆಗೆಯುತ್ತಾರಂತೆ. ಮೇಡಂ ನಗಲಿಲ್ಲ, ಫೋನ್ ತೆಗೆದು, ಅಂದು ರೆಕಾರ್ಡ್ ಮಾಡಿಕೊಂಡಿದ್ದ ಮೈಲಾರಮ್ಮನ ಮಾತನ್ನು ಮೈಲಾರಮ್ಮನಿಗೇ ಕೇಳಿಸಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಕಲ್ಲು ಹೇರಿಕೊಂಡು ಲಾರಿ ಹೋದ ಮೇಲೆ ನರಸಪ್ಪ ಕಲ್ಲು ಕಿತ್ತ ಕುಳಿಯ ಪಕ್ಕದಲ್ಲಿ ಕೂತ. "ಟೀವಿ ಇಲ್ಲ ಅಂದಿ, ಕುರಿ ಇಲ್ಲ ಅಂದಿ, ನಡೀತು," ಅಂದ. "ಹಿರೇರನ್ನ ಯಾರರ ಇಲ್ಲ ಅಂತಾರೇನು?"

ಅವಳಿಗೆ ಸಿಟ್ಟು ಉಕ್ಕಿತು. ತಿಕ್ಕಿ ತೊಳೆಯುವಾಗ ಬಾಯಿಗೆ ಬೀಗ ಹಾಕಿಕೊಂಡಿದ್ದವನಿಗೆ ಈಗ ಮಾತು ಬಂತೇ? ಹಣತೆ ಎತ್ತಿಕೊಂಡು ಮನೆಯ ಕಡೆ ನಡೆದಳು.

ಉಣ್ಣೆ ಕತ್ತರಿಸುವ ದಿನ ಬಂತು. ಮೊದಲ ಕುರಿಯ ಉಣ್ಣೆ ತೆಗೆದು ನರಸಪ್ಪ ಕತ್ತರಿ ಕೆಳಗಿಟ್ಟು ಕೂತ. ಮೈಲಾರಮ್ಮ ಒಂದು ಹಿಡಿ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ, ಮಡಿಲಿಗೆ ಕಟ್ಟಿಕೊಂಡು, ಸೊಸೆಯ ಜೊತೆ ಬಸ್ಸು ಹತ್ತಿದಳು. ವನದಲ್ಲಿ ಕಲ್ಲುಗಳನ್ನು ಮದುವೆ ಊಟದ ಪಂಕ್ತಿಯ ಹಾಗೆ ಸಾಲಾಗಿ ನಿಲ್ಲಿಸಿದ್ದರು. ಸುತ್ತ ಕಬ್ಬಿಣದ ಕಟಕಟೆ. ಅಜ್ಜಪ್ಪನ ತಲೆಯ ಮೇಲೆ ಸೂರೂ ಇತ್ತು, ಚೆಂದದ ಸೂರು. ಬುಡದಲ್ಲಿದ್ದ ತೆಲುಗು ಫಲಕವನ್ನು ಆಶಾರಾಣಿ ತನ್ನೊಳಗೇ ಓದಿಕೊಂಡು ಸುಮ್ಮನಾದಳು. ಅತ್ತೆ ಬಿಡಲಿಲ್ಲ.

"ದಿಕ್ಕಿಲ್ಲದ ಕಲ್ಲು ಅಂತ ಬರ್ದಾರಮ್ಮ," ಅಂದಳು ಸೊಸೆ.

ಮೈಲಾರಮ್ಮ ಕಟಕಟೆಯೊಳಗೆ ಕೈ ಚಾಚಿದಳು. ಕೈ ಅಜ್ಜಪ್ಪನ ತನಕ ಹೋಗಲಿಲ್ಲ. ಅಷ್ಟರಲ್ಲಿ ಖಾಕಿ ಬಟ್ಟೆಯ ಕಾವಲುಗಾರ ಹತ್ತಿರ ಬಂದ. ಬೈಯಲೂ ಇಲ್ಲ, ಗದರಲೂ ಇಲ್ಲ. ಈ ಕಲ್ಲು ನಿಮ್ಮ ಪೈಕಿಯವರದೇನಮ್ಮ ಎಂದು ಮೆತ್ತಗೇ ಕೇಳಿದ. ಮೈಲಾರಮ್ಮ ಅವನ ಖಾಕಿ ನೋಡಿದಳು, ಸೆರಗು ಎಳೆದು ಮಡಿಲು ಮುಚ್ಚಿಕೊಂಡಳು.

"ಇಲ್ರಿ," ಅಂದಳು. "ಸುಮ್ನ ನೋಡಾಕ ಬಂದಿದ್ವಿ."