ವೇಲ್ಸಿನ ಸರ್ ಮತ್ತು ದೇಸಾಯರ ಗಾದಿ

ಸರ್ ಅವರ ಮೂಗು ಅವರಿಗಿಂತ ಮೊದಲು ಬಾಗಿಲೊಳಗೆ ಬರುತ್ತಿತ್ತು. ನಡುವೆ ಎಲುಬು ಎದ್ದು, ತುದಿ ಕೆಳಗೆ ಬಾಗಿದ ದೊಡ್ಡ ಮೂಗು. ಒಮ್ಮೆ ಸೀನಿದರೆ ಕೆಂಪಗಾಗಿ ಬಹಳ ಹೊತ್ತು ಹಾಗೆಯೇ ಇರುತ್ತಿತ್ತು. ಅದೇ ಮೂಗು ಧಾರವಾಡದ ಆಚೆ ಒಂದು ಹಳ್ಳಿಯ ದೇಸಾಯರ ಮನೆತನದಲ್ಲಿ ಪ್ರತಿಯೊಬ್ಬ ಗಂಡಸಿಗೂ ಇತ್ತು.

"ಮೂಗು ಕೊಟ್ಟಾರ್ರಿ ಸಿಸ್ಟರ್, ಹೆಸರು ಕೊಟ್ಟಿಲ್ಲ," ಎಂದು ನನಗೆ ಹೇಳುತ್ತಿದ್ದರು ಸರ್.

ಸುತ್ತು ಬಳಸಿ ಹೇಳುವುದು ನನಗೆ ಬರುವುದಿಲ್ಲ. ಸರ್ ಹಿರಿಯ ದೇಸಾಯರ ಮೊದಲ ಮಗ, ಆದರೆ ಲಗ್ನದ ಹೆಂಡತಿಯ ಮಗನಲ್ಲ. ಅವರ ತಾಯಿ ದೇಸಾಯರ ದೊಡ್ಡ ಮನೆಯ, ಅಂದರೆ ವಾಡೆಯ, ಹಿತ್ತಲಿಗೆ ಹತ್ತಿದ ಸಣ್ಣ ಮನೆಯಲ್ಲಿದ್ದವರು. ದೇಸಾಯರು ಇಟ್ಟುಕೊಂಡಾಕೆ ಎಂದು ಊರಿಗೆಲ್ಲ ಗೊತ್ತಿತ್ತು. ಸರ್ ಹುಟ್ಟಿದ ಮೇಲೆ ದೇಸಾಯರು ಲಗ್ನವಾದರು. ಆ ಹೆಂಡತಿಗೂ ಒಬ್ಬ ಮಗ ಹುಟ್ಟಿದ. ಗಾದಿ ಆ ಕಿರಿಯವನಿಗೆ ಹೋಯಿತು. ಹಿರಿಯ ದೇಸಾಯರು ಕಲ್ಲುಮನಸ್ಸಿನವರೇನೂ ಅಲ್ಲ. ಸರ್ ಅವರನ್ನು ಧಾರವಾಡದಲ್ಲಿಟ್ಟು ಓದಿಸಿದರು. ಶಾಲೆಗೆ ಸೇರಿಸುವ ದಿನ ತಾವೇ ಕೈಹಿಡಿದು ಕರೆದೊಯ್ದು, "ಇಂವ ನನ್ನ ಮಗ. ಛಲೋ ಕಲಸ್ರಿ," ಎಂದು ಹೆಡ್ಮಾಸ್ತರರಿಗೆ ಹೇಳಿದ್ದರಂತೆ. ಆ ಮಾತನ್ನು ವಾಡೆಯೊಳಗೆ ಮಾತ್ರ ಅವರು ಎಂದೂ ಆಡಲಿಲ್ಲ.

ನಾನು ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ನಿವೃತ್ತಳಾಗಿ ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರಕ್ಕೆ ಬಂದಾಗ ಸರ್ ನನ್ನ ಮಗ್ಗುಲ ಮನೆಯವರಾದರು. ಅವರೂ ಕಾಲೇಜಿನಿಂದ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಇಂಥ ಹುಟ್ಟಿನವನಿಗೆ ಹೆಣ್ಣು ಕೊಡುವವರು ಆ ಕಾಲಕ್ಕೆ ಯಾರೂ ಮುಂದೆ ಬಂದಿರಲಿಲ್ಲ. ಬೆಳಿಗ್ಗೆ ವಾಕಿಂಗಿಗೆ ಹೊರಟು ನಾನು ಗೇಟಿಗೆ ಚಿಲಕ ಹಾಕುವ ಹೊತ್ತಿಗೆ ಅವರು ಕೆಂಪು ಮಫ್ಲರ್ ಸುತ್ತಿಕೊಂಡು ರಸ್ತೆಯಲ್ಲಿ ನಿಂತಿರುತ್ತಿದ್ದರು. ಒಂದು ದಿನವೂ ನನ್ನನ್ನು ಕಾಯಿಸಲಿಲ್ಲ. ಅದಕ್ಕಾಗಿಯೇ ನಾನು ಅವರ ಮಾತುಗಳನ್ನು ಸಹಿಸಿಕೊಂಡೆ ಎಂದರೂ ಆಗುತ್ತದೆ, ಏಕೆಂದರೆ ಅವರು ನಡೆದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ದಾರಿಯಲ್ಲಿ ಎದುರಾದವರಿಗೆಲ್ಲ ಬಿರುದು ಹಂಚುತ್ತಿದ್ದರು. ಹಾಲಿನವನು ಜಹಗೀರದಾರ. ಕಸದ ಗಾಡಿಯವನು ನವನಗರದ ಬ್ಯಾರನ್. ನಾನು ಮಾಜಿ ಮಹಾರಾಣಿ.

"ಸರ್, ಉಸಿರು ಹಿಡೀತೈತಿ. ಮಾತು ಆಮ್ಯಾಲೆ ಆಡ್ರಿ."

"ಅಪ್ಪಣೆ, ಮಹಾರಾಣಿಯವರ."

ಹಾಗೆಂದು ಅರ್ಧ ಫರ್ಲಾಂಗು ಸುಮ್ಮನಿರುತ್ತಿದ್ದರು. ನಂತರ ವೇಲ್ಸ್ ಶುರುವಾಗುತ್ತಿತ್ತು.

ವೇಲ್ಸ್ ಎಂದರೆ ಇಂಗ್ಲೆಂಡಿನ ಪಡುವಣ ಮಗ್ಗುಲಿಗೆ ಅಂಟಿಕೊಂಡ ಗುಡ್ಡಗಾಡಿನ ನಾಡು. ಅಲ್ಲಿನ ಅರಸು ಮನೆತನಗಳು ಹೇಗೆ ಹುಟ್ಟಿದವು, ಅವರ ಪದವಿಗಳು ಹೇಗೆ ಕೈಬಿಟ್ಟುಹೋದವು ಎಂಬುದರ ಮೇಲೆ ಸರ್ ಪಿಎಚ್.ಡಿ. ಮಾಡಿದ್ದರು. ಧಾರವಾಡದಲ್ಲಿ ಕೂತು ವೇಲ್ಸ್ ಯಾಕೆ ಎಂದು ಸಹೋದ್ಯೋಗಿಗಳು ಆಡಿಕೊಂಡಿದ್ದರು. ಹುಡುಗರು ಅವರಿಗೆ 'ವೇಲ್ಸ್ ಸರ್' ಎಂದೇ ಹೆಸರಿಟ್ಟಿದ್ದರು. ಯಾಕೆಂಬುದು ನನಗೆ ಒಂದು ಬೆಳಿಗ್ಗೆ ತಿಳಿಯಿತು.

ಆ ನಾಡಿನ ಹಳೆಯ ಕಾನೂನಿನಲ್ಲಿ ಮಗ ಎಂದರೆ ಮಗ. ತಾಯಿಗೆ ಲಗ್ನವಾಗಿತ್ತೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ತಂದೆ ತನ್ನವನೆಂದು ಒಪ್ಪಿದರೆ ಭೂಮಿಯಲ್ಲಿ ಸಮಪಾಲು. ಹದಿಮೂರನೆಯ ಶತಮಾನದಲ್ಲಿ ಅಲ್ಲಿನ ಒಬ್ಬ ದೊಡ್ಡ ಅರಸ ಇಂಗ್ಲೆಂಡಿನ ರಾಜನ ಮಗಳನ್ನು ಮದುವೆಯಾದ. ಅವನಿಗೆ ಅದಕ್ಕೂ ಮೊದಲೇ ಬೇರೊಬ್ಬಳಲ್ಲಿ ಮಗನಿದ್ದ. ಬೀಗರನ್ನೂ ಚರ್ಚನ್ನೂ ಮೆಚ್ಚಿಸಲು ಆ ಹಿರಿಯವನನ್ನು ಬದಿಗೆ ಸರಿಸಿ ಕಿರಿಯವನಿಗೆ ಪಟ್ಟ ಎಂದು ಸಾರಿದ. ಹಿರಿಯವನು ಕೊನೆಗೆ ಲಂಡನ್ನಿನ ಕೋಟೆಯಲ್ಲಿ ಸೆರೆಯಾಗಿ, ಹಾಸಿಗೆಯ ಬಟ್ಟೆ ಹೆಣೆದು ಕಿಟಕಿಯಿಂದ ಇಳಿಯಲು ಹೋಗಿ ಬಿದ್ದು ಸತ್ತ. ಮುಂದೆ ಇಂಗ್ಲಿಷರು ವೇಲ್ಸನ್ನೇ ಗೆದ್ದು, ಅಲ್ಲಿನ ರಾಜಕುಮಾರನ ತಲೆ ಕಡಿದು ಲಂಡನ್ನಿನಲ್ಲಿ ಮೆರೆಸಿ, ಅವನ ಪದವಿಯನ್ನು ತಮ್ಮ ರಾಜನ ಮಗನಿಗೆ ತೊಡಿಸಿದರು. ಉಳಿದ ಮನೆತನಗಳು ಲಾರ್ಡ್, ಬ್ಯಾರನ್ ಎಂಬ ಇಂಗ್ಲಿಷ್ ಬಿರುದುಗಳಿಗಾಗಿ ಗೆದ್ದವರ ಬಾಗಿಲಿಗೇ ಹೋಗಿ ನಿಂತವು. ಆ ಬಿರುದಾದರೂ ಲಗ್ನದ ಮಗನಿಗೆ ಮಾತ್ರ.

"ನಮ್ಮ ವಾಡೇದಾಗಿದ್ದ ಕಾನೂನು ಎಲ್ಲೀದು ಅಂತ ಹುಡುಕ್ಕೋತ ಹೋದೆ ನೋಡ್ರಿ," ಎಂದರು ಸರ್. "ಆ ಹುಡುಕಾಟ ಓದಿನಾಗ ವೇಲ್ಸಿನ ಹಡಗ ಹತ್ತಿಸಿತು."

ಕರುಣೆ ತೋರಿಸಿದರೆ ಅವರಿಗೆ ಸೇರುತ್ತಿರಲಿಲ್ಲ. ಹಾಗಾಗಿ ನಾನು ಮಫ್ಲರ್ ಸರಿಯಾಗಿ ಸುತ್ತಿಕೊಳ್ಳಲು ಹೇಳಿದೆ.

ದೇಸಾಯರ ಹೊಲಗಳು ಎಂದೋ ಹೋಗಿದ್ದವು, ವಾಡೆಯೂ ಬಿದ್ದಿತ್ತು. ಕಿರಿಯವರು, ಅಂದರೆ ಈಗಿನ ದೇಸಾಯರು, ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬಂಗಲೆ ಕಟ್ಟಿಸಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. ಹಳೆಯ ಗಾದಿಯನ್ನು ಮಾತ್ರ ಹಾಲ್‌ನಲ್ಲಿ, ಟಿವಿಯ ಕೆಳಗೆ, ಎತ್ತರದ ಕಟ್ಟೆಯ ಮೇಲೆ ಹಾಸಿಸಿದ್ದರು. ದಸರೆಯ ದಿನ ರುಮಾಲು ಸುತ್ತಿ ಅದರ ಮೇಲೆ ಕೂರುತ್ತಿದ್ದರು. ಹಳೆಯ ಊರಿನವರು, ನೆಂಟರು ಸಾಲಾಗಿ ಬಂದು, ಬಂಗಾರವೆಂದು ಹಂಚುವ ಬನ್ನಿಯ ಎಲೆ ಕೊಡಬೇಕು. ನಮ್ಮಲ್ಲಿ ಬನ್ನಿ ಕೊಟ್ಟು ಕಾಲಿಗೆರಗುವವರು ಕಿರಿಯರು. ಆದರೆ ಗಾದಿಯ ಮೇಲಿನವರಿಗೆ ವಯಸ್ಸಿನ ಹಂಗಿಲ್ಲ, ಎಲ್ಲರೂ ಅವರಿಗೇ ಕೊಡಬೇಕು. ಅದಕ್ಕೊಂದು ವಿನಾಯಿತಿ ಇತ್ತು. ರಕ್ತಸಂಬಂಧದ ಹಿರಿಯರು, ಕಾಕಾ ಇರಲಿ ಅಣ್ಣ ಇರಲಿ, ಬಂದರೆ ದೇಸಾಯರು ಗಾದಿಯಿಂದ ಕೆಳಗಿಳಿದು ತಾವೇ ಬನ್ನಿ ಕೊಟ್ಟು ನಮಸ್ಕರಿಸಬೇಕು.

ಸರ್ ಪ್ರತಿವರ್ಷ ಆ ಸಾಲಿನಲ್ಲಿ ನಿಲ್ಲುತ್ತಿದ್ದರು. ಅವರ ಕಣ್ಣಿನ ಪೊರೆಯ ಆಪರೇಷನ್ ಆದ ವರ್ಷ ನಾನು ಜೊತೆಗೆ ಹೋದೆ. ನಮ್ಮ ಮುಂದೆ ದೇಸಾಯರ ಕಾಕಾ, ಅಂದರೆ ಚಿಕ್ಕಪ್ಪ, ಇದ್ದರು. ಕೋಲೂರುವ, ಬಾಯಿಗೆ ಬೀಗವಿಲ್ಲದ ಮುದುಕರು. ದೇಸಾಯರು ಇಳಿದು ಬಂದು ಅವರ ಕಾಲು ಮುಟ್ಟಿ, ಮತ್ತೆ ಹತ್ತಿ ಕೂತರು. ಮುಂದಿನ ಸರದಿ ಸರ್ ಅವರದು. ದೇಸಾಯರು ಕೂತಲ್ಲಿಂದಲೇ ಕೈ ಚಾಚಿದರು.

"ಬರ್ರಿ ಮಾಸ್ತರ. ಕಣ್ಣು ಆರಾಮೇನ್ರಿ?"

ಒಂದೇ ಮೂಗಿನ ಇಬ್ಬರು, ಒಬ್ಬರು ಮೇಲೆ, ಒಬ್ಬರು ಕೆಳಗೆ. ಸರ್ ಬನ್ನಿ ಕೊಟ್ಟು ಬಾಗಿದರು.

"ಯಾಕ ಹೊಕ್ಕೀರಿ ಅಲ್ಲಿಗೆ?" ಎಂದು ಬಸ್ಸಿನಲ್ಲಿ ಕೇಳಿದೆ. ನನಗೆ ಸಿಟ್ಟು ಬಂದಿತ್ತು.

"ಒಂದ್ ವರ್ಷ ಇಳೀತಾನ್ರಿ. ಹೆಸರು ಬ್ಯಾಡ, ಹೊಲ ಬ್ಯಾಡ. ಎರಡು ಎಲಿ ಬನ್ನಿ, 'ಅಣ್ಣಾ' ಅಂತ ಒಂದು ಮಾತು. ಅಷ್ಟ ಸಾಕು."

ಮರುವರ್ಷ ಮಳೆಗಾಲದ ಮೊದಲಿಗೆ ದೇಸಾಯರೇ ನವನಗರಕ್ಕೆ ಬಂದರು. ನಾನು ಸರ್ ಅವರ ಬಿ.ಪಿ. ನೋಡುತ್ತಿದ್ದೆ. ಎದ್ದು ಹೋಗಲು ಸರ್ ಬಿಡಲಿಲ್ಲ.

"ಮಾಸ್ತರ, ಮೊಮ್ಮಗಳ ಲಗ್ನ ಐತಿ," ಎಂದರು ದೇಸಾಯರು. "ಬೀಗರು ದೊಡ್ಡ ಮಂದಿ. ನಮ್ಮ ಮನೆತನದ ಇತಿಹಾಸ ಒಂದು ಪುಸ್ತಕ ಮಾಡಿ ಹಂಚೂಣು ಅಂತ. ನಿಮ್ಮಷ್ಟು ತಿಳಿದವರು ಯಾರದಾರ್ರಿ?"

"ಬರೀತೀನ್ರಿ. ಈ ದಸರಿಗೆ ನನ್ನ ಸರದಿ ಬಂದಾಗ ಗಾದಿ ಇಳೀರಿ."

ದೇಸಾಯರು ನನ್ನ ಕಡೆ ನೋಡಿದರು. ಚಹಾ ಕುಡಿದು ಮುಗಿಸಿದರು.

"ಅಷ್ಟ ಏನ್ರಿ? ಆತು ತಗೋರಿ."

ತಗ್ಗಿನ ಹೊರಸಿನಿಂದ ಕೈಯೂರದೆ ಎದ್ದು, ಬಾಗಿಲಲ್ಲಿ ಒಂಟಿ ಕಾಲಿನ ಮೇಲೆ ನಿಂತು ಬೂಟು ಹಾಕಿಕೊಂಡು ಹೋದರು.

ಆ ಮಳೆಗಾಲವೆಲ್ಲ ಸರ್ ಬರೆದರು. ವಾಕಿಂಗ್‌ನಲ್ಲಿ ವೇಲ್ಸ್ ನಿಂತುಹೋಗಿ ದೇಸಾಯರ ಮುತ್ತಾತಂದಿರು ಬಂದರು. ಸುಳ್ಳು ಬರೆಯಲಿಲ್ಲ, ಆದರೆ ಇದ್ದ ಒಳ್ಳೆಯದನ್ನೆಲ್ಲ ಹುಡುಕಿ ಹುಡುಕಿ ಬರೆದರು. ಪುಸ್ತಕ ಅಚ್ಚಾಯಿತು, ಲಗ್ನದಲ್ಲಿ ಹಂಚಲಾಯಿತು. ದಸರೆ ಹತ್ತಿರ ಬಂದಾಗ ಹೊಸ ಬಿಳಿ ಅಂಗಿ ಹೊಲಿಸಿದರು. ಒಂದು ಬೆಳಿಗ್ಗೆ ನಡೆಯುತ್ತ ನಡೆಯುತ್ತ ಕೇಳಿದರು:

"ಸಿಸ್ಟರ್, ಅಂವ ಬನ್ನಿ ಕೊಟ್ಟಾಗ 'ಬಂಗಾರದಂಗ ಇರ್ರಿ' ಅನ್ನಬೇಕೋ, 'ಇರು' ಅನ್ನಬೇಕೋ?"

"ತಮ್ಮಗ 'ಇರು' ಅಂತಾರ್ರಿ."

"ಬಾಯಿ ಹೊರಳಬೇಕಲ್ಲ," ಎಂದರು. ಅಂದು ಯಾರಿಗೂ ಬಿರುದು ಕೊಡಲಿಲ್ಲ.

ದಸರೆಯ ಸಂಜೆ ನಾನೂ ಹೋದೆ. ಸರ್ ಬನ್ನಿ ತಂದಿರಲಿಲ್ಲ. ಈ ಸಲ ತೆಗೆದುಕೊಳ್ಳುವವರು ತಾವು ಎಂದು ಬರಿಗೈಯಲ್ಲಿ ಬಂದಿದ್ದರು. ದೇಸಾಯರು ಗಾದಿಯ ಮೇಲೆ ಒಂದು ಕಾಲು ಚಾಚಿ, ಹಿಮ್ಮಡಿಯ ಕೆಳಗೆ ದಿಂಬು ಇಟ್ಟುಕೊಂಡಿದ್ದರು. ಅವರ ಮಗ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ:

"ಅಪ್ಪಾರಿಗೆ ಮೊಣಕಾಲು ನೋವು ಐತ್ರಿ. ಇಳಿಯಾಕ ಆಗೂದಿಲ್ಲ. ಇನ್ನ ಮ್ಯಾಲೆ ಯಾರಿಗೂ ಇಳಿಯೂದಿಲ್ಲ, ಹಿರಿಯರು ತಪ್ಪು ತಿಳೀಬಾರದು."

ಮೊಣಕಾಲು ನೋವು ಹೇಗಿರುತ್ತದೆಂದು ನನಗೆ ಗೊತ್ತು. ಆ ನೋವಿರುವವರು ದಿಂಬನ್ನು ಮೊಣಕಾಲಿನ ಕೆಳಗೆ ಇಟ್ಟುಕೊಳ್ಳುತ್ತಾರೆ, ಹಿಮ್ಮಡಿಯ ಕೆಳಗಲ್ಲ.

ಕಾಕಾ ಗೊಣಗುತ್ತ ತಾವೇ ಹೋಗಿ ಬನ್ನಿ ಕೊಟ್ಟರು. "ನಾ ಸಾಯೂತನಕರ ತಡೀಬಾರದೇನ ನಿನ್ನ ಮೊಣಕಾಲು?" ಎಂದರು. ಮುಂದೆ ಸರ್. ಹೊಸ ಅಂಗಿ, ಖಾಲಿ ಕೈ.

"ಬರ್ರಿ ಮಾಸ್ತರ. ಪುಸ್ತಕ ಭಾಳ ಛಲೋ ಆಗೇತಿ," ಎಂದರು ದೇಸಾಯರು. ಕೈ ಚಾಚಿಯೇ ಇತ್ತು.

ಸರ್ ತಮ್ಮ ಅಂಗೈಯನ್ನು ನೋಡಿಕೊಂಡರು. ಹಿಂದಿನವರು ಒತ್ತುತ್ತಿದ್ದರು. ಕಾಕಾ ತಮ್ಮ ಚೀಲದಿಂದ ಎರಡು ಎಲೆ ತೆಗೆದು ಸರ್ ಅವರ ಕೈಗೆ ತುರುಕಿದರು. ಸರ್ ಅದನ್ನು ದೇಸಾಯರ ಕೈಗೆ ಹಾಕಿ, ಬಾಗಿ, ಹೊರಗೆ ಬಂದರು.

ಬಸ್ಸು ಉಣಕಲ್ ಕೆರೆ ದಾಟುತ್ತಿದ್ದಾಗ ಸರ್ ಹೇಳಿದರು:

"ಒಬ್ಬಗ ಕೊಡಬಾರದು ಅಂತ ಎಲ್ಲಾರದೂ ಕಸಗೊಂಡ್ರು, ಸಿಸ್ಟರ್. ಇಂಥಾದ್ದು ನಾ ವೇಲ್ಸಿನಾಗೂ ಓದಿಲ್ಲ."

ಮರುದಿನವೂ ಗೇಟಿನ ಹತ್ತಿರ ಹೊತ್ತಿಗೆ ಸರಿಯಾಗಿ ನಿಂತಿದ್ದರು, ಆದರೆ ವೇಲ್ಸಿನ ಮಾತು ಮತ್ತೆ ಬರಲಿಲ್ಲ. ಕೇಳಿದರೆ, "ಓದಿದ್ದು ಮುಗೀತ್ರಿ," ಎನ್ನುತ್ತಿದ್ದರು. ಚಳಿಗಾಲದಲ್ಲಿ ಹೃದಯ ಕೈಕೊಟ್ಟಿತು. ಸತ್ತೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿದ್ದು, ಒಂದು ಮಧ್ಯಾಹ್ನ, ನಾನು ನಾಡಿ ಹಿಡಿದು ಕೂತಿದ್ದಾಗಲೇ ಹೋದರು. ವೃತ್ತಿಯಲ್ಲಿ ನಾನು ಬಹಳ ಸಾವು ನೋಡಿದ್ದೇನೆ. ಇದರಲ್ಲಿ ಹೃದಯದ ತಪ್ಪು ಎಷ್ಟು, ಇನ್ನೊಂದರದು ಎಷ್ಟು ಎಂದು ಬರೆಯಲು ಆಸ್ಪತ್ರೆಯ ಕಾಗದದಲ್ಲಿ ಜಾಗವಿರುವುದಿಲ್ಲ.

ದೇಹ ನವನಗರಕ್ಕೆ ಬರುವಷ್ಟರಲ್ಲಿ ಅವರ ಗೇಟಿಗೆ ಒಂದು ಫ್ಲೆಕ್ಸ್ ಬಿದ್ದಿತ್ತು. ಮನೆತನದ ಪಿಎಚ್.ಡಿ. ಪಡೆದ ಹಿರಿಯರಿಗೆ ಶ್ರದ್ಧಾಂಜಲಿ ಎಂದು ದೊಡ್ಡ ಅಕ್ಷರದಲ್ಲಿತ್ತು. ಸರ್ ಅವರ ಹೆಸರಿನ ಮುಂದೆ 'ದೇಸಾಯಿ' ಎಂದು ಸೇರಿಸಿದ್ದರು. ದೇಸಾಯರು ಕಾರಿನಿಂದ ಇಳಿದು ಬಂದು ಮಾಲೆ ಹಾಕಿ, ಮಂಡಿಯೂರಿ, ಪಾದಕ್ಕೆ ಹಣೆ ಹಚ್ಚಿದರು. "ನಮ್ಮ ಅಣ್ಣಾರು," ಎಂದು ಬಂದವರಿಗೆಲ್ಲ ಹೇಳಿದರು. ಫ್ಲೆಕ್ಸ್ ಬಿಚ್ಚಿ ಒಳಗಿಡಿ ಎಂದು ನಾನು ಅವರ ಮಗನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ ಬಿಚ್ಚಿದ. ವಾರ್ಡುಗಳಲ್ಲಿ ಕಲಿತ ಆ ಧ್ವನಿ ಇನ್ನೂ ಕೆಲಸಕ್ಕೆ ಬರುತ್ತದೆ.

ಸರ್ ಅವರಿಂದ ನಾನು ಪಡೆದದ್ದು ಬಹಳ. ಔಷಧಿ ಚೀಟಿ ಬಿಟ್ಟು ಬೇರೇನೂ ಓದದವಳಿಗೆ ಚರಿತ್ರೆ ಓದಲು ಕಲಿಸಿದರು. ಯಾರು ಗೆದ್ದರು ಎಂದು ಕೇಳಿ ನಿಲ್ಲಬ್ಯಾಡ್ರಿ, ಆಮ್ಯಾಲೆ ಕಾನೂನು ಯಾರು ಬದಲಿಸಿದರು ಅದನ್ನ ನೋಡ್ರಿ, ಎನ್ನುತ್ತಿದ್ದರು. ಈಗ ಪತ್ರಿಕೆಯನ್ನೂ ಹಾಗೆಯೇ ಓದುತ್ತೇನೆ. ಅದರಿಂದ ಸಮಾಧಾನ ಸಿಕ್ಕಿದೆ ಎಂದು ಹೇಳಲಾರೆ.

ಈ ವರ್ಷದ ದಸರೆಗೆ ನಾನು ಕೇಶ್ವಾಪುರಕ್ಕೆ ಹೋಗಲಿಲ್ಲ. ಮರುದಿನ ಕಾಕಾ ತಾವೇ ಕೋಲೂರಿಕೊಂಡು ಬನ್ನಿ ಹಿಡಿದು ನನ್ನ ಮನೆಗೆ ಬಂದರು. ಕೂಡಿಸಿ, ನೀರು ಕೊಟ್ಟು, ದೇಸಾಯರ ಮೊಣಕಾಲು ಹೇಗಿದೆ ಎಂದು ಕೇಳಿದೆ.

"ಈ ಸಲ ಇಳಿದನವ್ವಾ," ಎಂದರು ಕಾಕಾ. "ಲಗೂನ ಇಳಿದ. ಬನ್ನಿ ಕೊಟ್ಟು ಕಾಲಿಗೂ ಬಿದ್ದ. ಮೊದಲಿನ ಪದ್ಧತಿನ ಇರಲಿ ಅಂದ."

ಅವರ ಕೈಯ ಬನ್ನಿಯನ್ನು ತೆಗೆದುಕೊಂಡೆ. ಮುದುಕರ ತಪ್ಪೇನಿಲ್ಲ. 'ಬಂಗಾರದಂಗ ಇರೂಣು' ಎಂದು ಅವರು ಹೇಳಿದರು. ಎದ್ದು ಹೋಗಿ ಚಹಾಕ್ಕೆ ನೀರಿಟ್ಟೆ.